ಚಂದ್ರತಾಲ್: ಹೊರಡುವ ಮುನ್ನ ತಿಳಿದಿರಬೇಕಾದದ್ದು

ಹಿಮಾಚಲ ಪ್ರದೇಶದ ಲಾಹೌಲ್-ಸ್ಪಿತಿ ಜಿಲ್ಲೆಯಲ್ಲಿ, ಕುಂಜುಮ್ ಪಾಸ್‌ನ ಸಮೀಪದಲ್ಲಿರುವ ಸಿಹಿನೀರಿನ ಸರೋವರ ಚಂದ್ರತಾಲ್. ಬಾಗಿದ ಚಂದ್ರನ ಆಕಾರವನ್ನು ಹೋಲುವುದರಿಂದ ಈ ಹೆಸರು. ಸಮುದ್ರಮಟ್ಟದಿಂದ ಇದರ ಎತ್ತರ ಸುಮಾರು 4,250 ಮೀಟರ್. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎರಡರಷ್ಟಕ್ಕಿಂತ ಹೆಚ್ಚು! ಮರಗಳ ಸುಳಿವೇ ಇಲ್ಲದ ಬೋಳು ಪರ್ವತಗಳ ನಡುವೆ ಈ ನೀರು ದಿನವಿಡೀ ಬಣ್ಣ ಬದಲಿಸುತ್ತಿರುತ್ತದೆ. ಸರೋವರದಿಂದ ಹೊರಡುವ ತೊರೆ ಚಂದ್ರಾ ನದಿಯನ್ನು ಸೇರುತ್ತದೆ. ಮುಂದೆ ತಾಂಡಿ ಎಂಬಲ್ಲಿ ಚಂದ್ರಾ ಮತ್ತು ಭಾಗಾ ನದಿಗಳು ಕೂಡಿ ಚಂದ್ರಭಾಗಾ, ಅರ್ಥಾತ್ ಚಿನಾಬ್ ಆಗುತ್ತವೆ. ಧರ್ಮರಾಯನನ್ನು ಸ್ವರ್ಗಕ್ಕೆ ಕರೆದೊಯ್ಯಲು ಇಂದ್ರನ ರಥ ಇಳಿದದ್ದು ಇಲ್ಲಿಯೇ ಎಂಬುದು ಸ್ಥಳೀಯರ ನಂಬಿಕೆ.

ಸರೋವರದ ದಡದಲ್ಲಿಯೇ ಡೇರೆ ಹಾಕಿ ರಾತ್ರಿ ಕಳೆಯಬೇಕೆಂಬ ಆಸೆಯಿಂದ ಹೊರಡುವವರು ಮೊದಲು ತಿಳಿಯಬೇಕಾದ ಸಂಗತಿಯೊಂದಿದೆ. ಚಂದ್ರತಾಲ್ 2005ರಲ್ಲಿ ರಾಮ್ಸರ್ ಒಪ್ಪಂದದ ಪಟ್ಟಿಗೆ ಸೇರಿದ ಜೌಗು ಪ್ರದೇಶ. ಒಂದು ಕಾಲದಲ್ಲಿ ದಡದಲ್ಲಿಯೇ ಬಿಡಾರ ಹೂಡುತ್ತಿದ್ದರು. ಈಗ ಅದಕ್ಕೆ ಅವಕಾಶವಿಲ್ಲ. ಗುಡಾರಗಳ ಶಿಬಿರಗಳು ಕೆಲವು ಕಿ.ಮೀ. ಈಚೆಗೆ ಇವೆ. ವಾಹನಗಳೂ ದಡದವರೆಗೆ ಹೋಗುವುದಿಲ್ಲ. ಕೊನೆಯ ಹಾದಿಯನ್ನು ನಡೆದೇ ಕ್ರಮಿಸಬೇಕು. ಚಕ್ರವಾಕ ಪಕ್ಷಿಗಳಿಗೂ ಬೇಸಿಗೆಯಲ್ಲಿ ಕುರಿಮಂದೆಯೊಡನೆ ಬರುವ ಗದ್ದಿ ಕುರಿಗಾಹಿಗಳಿಗೂ ಆಸರೆಯಾದ ಈ ದಡದ ಹುಲ್ಲು ವರ್ಷದಲ್ಲಿ ಕೆಲವೇ ತಿಂಗಳು ಚಿಗುರುತ್ತದೆ. ಆದ್ದರಿಂದ ಈ ನಿಯಮವನ್ನು ಅತಿಯೆನ್ನಲಾಗದು. ನೀರಿಗಿಳಿಯುವ ಸಾಹಸವೂ ಬೇಡ.

ಎತ್ತರದ ಲೆಕ್ಕ

ನಿಜವಾದ ಅಪಾಯ ದಾರಿಯಲ್ಲಿಲ್ಲ, ಎತ್ತರದಲ್ಲಿದೆ. ಇಲ್ಲಿ ಒಂದು ಉಸಿರಿಗೆ ದಕ್ಕುವ ಆಮ್ಲಜನಕ ಸಮುದ್ರಮಟ್ಟದಲ್ಲಿ ದಕ್ಕುವುದರ ಸುಮಾರು ಶೇ. 60 ಮಾತ್ರ. ಮನಾಲಿ ಇರುವುದು 2,050 ಮೀಟರ್ ಎತ್ತರದಲ್ಲಿ. 2020ರ ಅಕ್ಟೋಬರ್‌ನಲ್ಲಿ ಅಟಲ್ ಸುರಂಗ ತೆರೆದ ಬಳಿಕ ಬೆಳಿಗ್ಗೆ ಮನಾಲಿಯಿಂದ ಹೊರಟು ಅದೇ ಸಂಜೆ ಚಂದ್ರತಾಲ್ ಶಿಬಿರದಲ್ಲಿ ಮಲಗುವುದು ಸುಲಭವಾಗಿದೆ. ದೇಹಕ್ಕೆ ಮಾತ್ರ ಇದು ಸುಲಭವಲ್ಲ. 3,000 ಮೀಟರ್ ದಾಟಿದ ಮೇಲೆ ಮಲಗುವ ತಾಣದ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದೆಂಬುದು ವೈದ್ಯರ ಸಲಹೆ.

ತಲೆನೋವು, ವಾಕರಿಕೆ, ನಿದ್ರೆ ಬಾರದಿರುವುದು ಮೊದಲ ಲಕ್ಷಣಗಳು. ಇವು ಕಂಡಲ್ಲಿ ಮತ್ತೆ ಮೇಲೇರಬಾರದು. ಕುಳಿತಲ್ಲಿಯೇ ಏದುಸಿರು, ನಡಿಗೆಯಲ್ಲಿ ತೂರಾಟ, ಮಾತಿನಲ್ಲಿ ಗೊಂದಲ ಕಾಣಿಸಿದರೆ ರಾತ್ರಿಯಾಗಿದ್ದರೂ ಕೆಳಗಿಳಿಸಲೇಬೇಕು. ಬೆಳಗಾಗಲೆಂದು ಕಾಯುವುದು ಪ್ರಾಣಕ್ಕೇ ಎರವಾದೀತು. ಅಸೆಟಜೋಲಮೈಡ್ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗಬಾರದು. ಇಳಿಯುವುದಕ್ಕೆ ಅದು ಪರ್ಯಾಯವೂ ಅಲ್ಲ.

ನಡೆದು ಹೋಗುವವರಿಗೆ

ಈ ದೃಷ್ಟಿಯಿಂದ ಹಾಮ್ಟಾ ಪಾಸ್ ಚಾರಣವೇ ಉತ್ತಮ ಮಾರ್ಗವೆನ್ನಬೇಕು. ಮನಾಲಿ ಸಮೀಪದ ಜೋಬ್ರಾದಿಂದ ಹೊರಟು, ಸುಮಾರು 4,270 ಮೀಟರ್ ಎತ್ತರದ ಪಾಸ್ ದಾಟಿ, ಛತ್ರುವಿನಲ್ಲಿ ಇಳಿಯಲು ನಾಲ್ಕೈದು ದಿನ ಬೇಕು. ಅಷ್ಟರಲ್ಲಿ ದೇಹ ತಾನಾಗಿ ಒಗ್ಗಿರುತ್ತದೆ. ಛತ್ರುವಿನಿಂದ ವಾಹನದಲ್ಲಿ ಸರೋವರಕ್ಕೆ ಹೋಗಬಹುದು. ಶಿಮ್ಲಾ, ಕಿನ್ನೌರ್ ಮೂಲಕ ಸುತ್ತಿ ಬಂದು ಕಾಜಾದಲ್ಲಿ ಒಂದೆರಡು ದಿನ ತಂಗಿ ಕುಂಜುಮ್ ದಾಟುವುದು ಇನ್ನೊಂದು ಕ್ರಮ. ಅನುಭವಿಗಳು ಚಂದ್ರತಾಲ್‌ನಿಂದ ಬಾರಾಲಾಚಾ ಪಾಸ್‌ವರೆಗೆ ನಡೆಯುವುದುಂಟು. ಆ ಹಾದಿಯಲ್ಲಿ ದಾಟಬೇಕಾದ ಹಿಮನದಿಯ ತೊರೆಗಳು ಮಧ್ಯಾಹ್ನದ ಬಿಸಿಲಿಗೆ ಉಕ್ಕುತ್ತವೆ, ಮಾರ್ಗದರ್ಶಿಯಿಲ್ಲದೆ ಹೋಗಬಾರದು.

ಬಾತಲ್‌ನಿಂದ ಸರೋವರದತ್ತ ಹೋಗುವ ಸುಮಾರು 14 ಕಿ.ಮೀ. ರಸ್ತೆ ಕಿರಿದು, ಕಡಿದು. ಸಾಮಾನ್ಯವಾಗಿ ಜೂನ್‌ನಿಂದ ಅಕ್ಟೋಬರ್ ಆರಂಭದವರೆಗೆ ಮಾತ್ರ ಸಂಚಾರ ಸಾಧ್ಯ. ಆ ಅವಧಿಯಲ್ಲಿಯೂ ಹವಾಮಾನವನ್ನು ನಂಬುವಂತಿಲ್ಲ. 2023ರ ಜುಲೈನಲ್ಲಿ ಅನಿರೀಕ್ಷಿತವಾಗಿ ಹಿಮ ಬಿದ್ದು ಶಿಬಿರಗಳಲ್ಲಿ ಸಿಲುಕಿದ 250ಕ್ಕೂ ಹೆಚ್ಚು ಪ್ರವಾಸಿಗರನ್ನು ಹಿಮ ತೆರವುಗೊಳಿಸಿ ಹೊರತರಬೇಕಾಯಿತು. ಬೆಂಗಳೂರಿಗೆ ಮರಳುವ ವಿಮಾನದ ಟಿಕೆಟ್ ಕಾಯ್ದಿರಿಸುವಾಗ ಒಂದೆರಡು ದಿನ ಹೆಚ್ಚಿಗೆ ಇಟ್ಟುಕೊಳ್ಳುವುದು ಲೇಸು. ಉಣ್ಣೆಯ ಉಡುಪು, ಮಳೆಯಂಗಿ, ಟಾರ್ಚ್, ನಗದು ಹಣ ಜೊತೆಗಿರಲಿ. ಹೊರಡುವ ದಿನ ರಸ್ತೆಯ ಸ್ಥಿತಿಯನ್ನು ಮನಾಲಿ ಅಥವಾ ಕಾಜಾದಲ್ಲಿಯೇ ವಿಚಾರಿಸಿಕೊಳ್ಳಬೇಕು.