ಗುರುವನ್ನು ಪೋಷಿಸಿದ ದಾಸೋಹ

ದಾಸೋಹವೆಂದರೆ ಹಸಿದವರಿಗೆ ಅನ್ನವನ್ನಿಕ್ಕುವುದೆಂದೇ ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಶಾಲೆಗೆ ಕಟ್ಟಡವನ್ನೂ ಮಕ್ಕಳಿಗೆ ಪುಸ್ತಕ ವಸ್ತ್ರಗಳನ್ನೂ ಕೊಡುವ ದಾನಿಗಳಿಗೆ ನಮ್ಮ ನಾಡಿನಲ್ಲಿ ಎಂದೂ ಬರವಿಲ್ಲ. ಆದರೆ ಕಣ್ಣು ಕಾಣದ, ಕಿವಿ ಕೇಳದ, ಬುದ್ಧಿ ತಡವಾಗಿ ಅರಳುವ ಮಕ್ಕಳಿಗೆ ಪಾಠ ಹೇಳುವ ಗುರುವಿನ ಯೋಗಕ್ಷೇಮವನ್ನು ನೋಡುವವರಾರು? ಈ ಪ್ರಶ್ನೆಗೆ ಕನ್ನಡ ನಾಡಿನ ಇತಿಹಾಸವು ಒಂದು ಉತ್ತರವನ್ನು ಕೊಟ್ಟಿರುತ್ತದೆ. ಅದನ್ನು ಈ ಮಹೋತ್ಸವದ ಸಂದರ್ಭದಲ್ಲಿ ವಾಚಕರ ಮುಂದಿಡುವುದು ಉಚಿತವೆಂದು ಭಾವಿಸುತ್ತೇವೆ.

ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳವರು (1867–1930) 1904ರಲ್ಲಿ ವೀರಶೈವ ಮಹಾಸಭೆಯ ಸ್ಥಾಪನೆಗೂ, 1909ರಲ್ಲಿ ಬದಾಮಿಯ ಬಳಿ ಮಲಪ್ರಭೆಯ ತೀರದ ಶಿವಯೋಗಮಂದಿರದ ಸ್ಥಾಪನೆಗೂ ಕಾರಣಪುರುಷರಾದುದು ಸರ್ವವಿದಿತವಾಗಿದೆ. ಅದೇ ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಗದಿಗೆಯ್ಯನು ಹುಟ್ಟಿನಿಂದಲೇ ಅಂಧನು. ಅವನ ಅಣ್ಣ ಗುರುಬಸಯ್ಯನೂ ಅಂಧನೇ. ಸ್ವಾಮಿಗಳವರು ಈ ಬಾಲಕರಿಗೆ ಅನ್ನವಸ್ತ್ರಗಳನ್ನಿತ್ತು ಸುಮ್ಮನಾಗಲಿಲ್ಲ. ಅವರಿಗೆ ಸಂಗೀತವಿದ್ಯೆಯನ್ನು ಕಲಿಸುವ ಏರ್ಪಾಡನ್ನು ಮಾಡಿದರು. ಗದಿಗೆಯ್ಯನು ಕರ್ನಾಟಕ ಪದ್ಧತಿಯನ್ನೂ, ನೀಲಕಂಠಬುವಾ ಮಿರಜಕರ ಮತ್ತು ಕಿರಾಣಾ ಘರಾಣೆಯ ಉಸ್ತಾದ ವಹೀದಖಾನರಂಥ ಗುರುಗಳಿಂದ ಹಿಂದೂಸ್ತಾನಿ ಪದ್ಧತಿಯನ್ನೂ ಸಾಧಿಸಿ, ಉಭಯಗಾನ ವಿಶಾರದ ಪಂಚಾಕ್ಷರಿ ಗವಾಯಿಗಳೆಂದು ಖ್ಯಾತರಾದರು.

ಗವಾಯಿಗಳವರು ತಮ್ಮ ಕೀರ್ತಿಯನ್ನು ಸ್ವಂತ ಸುಖಕ್ಕೆ ಬಳಸಲಿಲ್ಲ. ಅಂಧ ಅನಾಥ ಬಾಲಕರನ್ನು ಕೂಡಿಸಿಕೊಂಡು ಊರಿಂದೂರಿಗೆ ಸಂಚರಿಸುತ್ತ ಪಾಠ ಹೇಳಿದರು. ಆ ಸಂಚಾರಿ ಪಾಠಶಾಲೆಯೇ ಕಡೆಗೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆಗೊಂಡಿತು. ಸ್ವರವನ್ನು ಕಿವಿಯಿಂದ ಕೇಳಿ, ಕಂಠದಲ್ಲಿ ನಿಲ್ಲಿಸಿ, ತಾಳವನ್ನು ಕೈಯಿಂದ ಅರಿಯುವ ಈ ವಿದ್ಯೆಯಲ್ಲಿ ಕಣ್ಣಿನ ಕೊರತೆಯು ಶಿಷ್ಯನಿಗೂ ಅಡ್ಡಿಯಲ್ಲ, ಗುರುವಿಗೂ ಅಡ್ಡಿಯಲ್ಲ. ಕಣ್ಣುಳ್ಳ ಬಸವರಾಜ ರಾಜಗುರು, ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿ ಮೊದಲಾದವರೂ ಈ ಅಂಧ ಗುರುವಿನ ಪಾದದಡಿಯಲ್ಲಿ ಕಲಿತರು. ದಯೆಗೆ ಪಾತ್ರನಾಗಿದ್ದ ಬಾಲಕನು ನಾಡಿಗೇ ವಿದ್ಯಾದಾನಿಯಾದನು.

1944ರಲ್ಲಿ ಪಂಚಾಕ್ಷರಿ ಗವಾಯಿಗಳವರು ಲಿಂಗೈಕ್ಯರಾಗಲು, ಆಶ್ರಮದ ಭಾರವು ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳವರ (1914–2010) ಹೆಗಲಿಗೆ ಬಿದ್ದಿತು. ಹಸುಳೆತನದಲ್ಲಿಯೇ ದೃಷ್ಟಿ ಕಳೆದುಕೊಂಡಿದ್ದ ಇವರು ನಾಟಕಗಳನ್ನು ರಚಿಸಿ, ನಾಟಕ ಸಂಘವನ್ನು ನಡೆಯಿಸಿ, ಅದರ ಉತ್ಪನ್ನವನ್ನು ಆಶ್ರಮದ ಮಕ್ಕಳ ಪೋಷಣೆಗೆ ವಿನಿಯೋಗಿಸಿದರು. ಅರುವತ್ತಕ್ಕೂ ಹೆಚ್ಚು ವರ್ಷಗಳ ಈ ಸೇವೆಯ ಕೊನೆಯಲ್ಲಿ, 2010ರಲ್ಲಿ, ಪದ್ಮಭೂಷಣವು ಅವರಿಗೆ ಸಂದಿತು. ಅದೇ ವರ್ಷ ಸೆಪ್ಟೆಂಬರದಲ್ಲಿ ಅವರು ಲಿಂಗೈಕ್ಯರಾದರು.

ಇತ್ತ ಸರಕಾರಗಳೂ ಸುಮ್ಮನಿರಲಿಲ್ಲ. ಮೈಸೂರಿನಲ್ಲಿ 1901ರಲ್ಲಿಯೇ ಕಿವುಡ ಮೂಕ ಅಂಧ ಮಕ್ಕಳ ಶಾಲೆಯು ಆರಂಭವಾಯಿತು. 1951ರಲ್ಲಿ ಭಾರತೀಯ ಭಾಷೆಗಳಿಗೆಲ್ಲ ಒಂದೇ ಬಗೆಯ ಬ್ರೈಲ್ ಲಿಪಿಯು ಸಿದ್ಧವಾಯಿತು. 1992ರ ಕಾಯಿದೆಯು ವಿಶೇಷ ಶಿಕ್ಷಕರ ತರಬೇತಿಗೆ ಕಟ್ಟುಪಾಡನ್ನು ವಿಧಿಸಿತು. 2016ರ ಕಾಯಿದೆಯು ಬ್ರೈಲ್ ಮತ್ತು ಸಂಜ್ಞಾಭಾಷೆಗಳನ್ನು ಬಲ್ಲ ಶಿಕ್ಷಕರನ್ನು, ಸ್ವತಃ ಅಂಗವೈಕಲ್ಯವುಳ್ಳ ಶಿಕ್ಷಕರನ್ನು ಸಹ, ನೇಮಿಸಬೇಕೆಂದು ವಿಧಿಸಿದೆ. ಗದಗಿನಲ್ಲಿ ಆಚರಣೆಗೆ ಬಂದು ಎಷ್ಟೋ ವರ್ಷಗಳಾದ ತತ್ತ್ವವನ್ನೇ ಶಾಸನವು ಈಗ ನುಡಿಯುತ್ತಿದೆ.

ಯಾದಗಿರಿ ಸೀಮೆಯ ಬಳಿಚಕ್ರದಲ್ಲಿ ಕುಳಿತು ಇದನ್ನೋದುವವರಿಗೆ ಗದಗು ದೂರವೆನ್ನಿಸಬಹುದು. 1948ರ ವರೆಗೆ ಈ ಸೀಮೆಯು ನಿಜಾಮರ ಆಳಿಕೆಯಲ್ಲಿದ್ದಿತು. ಗದಗು ಮುಂಬಯಿ ಪ್ರಾಂತದಲ್ಲಿದ್ದಿತು. 1956ರಲ್ಲಿಯೇ ಎರಡೂ ಒಂದು ರಾಜ್ಯದೊಳಗೆ ಕೂಡಿದವು. ಆದರೆ ಕಣ್ಣು ಕಾಣದ ಕೂಸು ಎಲ್ಲ ಸೀಮೆಗಳಲ್ಲಿಯೂ ಹುಟ್ಟುತ್ತದೆ. ಶಾಸನವು ಬರೆಯಲ್ಪಟ್ಟ ಮಾತ್ರಕ್ಕೆ ಗುರುವು ಹಳ್ಳಿಗೆ ಬಂದು ನಿಲ್ಲುವುದಿಲ್ಲ. ಅವನಿಗೆ ತರಬೇತಿ ಬೇಕು, ವೇತನ ಬೇಕು, ಇರಲು ಮನೆ ಬೇಕು, ಊರಿನ ಗೌರವವೂ ಬೇಕು. ಮಗುವಿಗೆ ಇಕ್ಕಿದ ತುತ್ತು ಆ ಹೊತ್ತಿಗೆ ಸಾಕು. ಗುರುವಿಗೆ ಕೊಟ್ಟ ಆಸರೆಯು ಮೂರು ತಲೆಮಾರನ್ನು ಸಾಕಿದುದು ಗದಗಿನಲ್ಲಿ ಕಂಡಿದೆ. ದಾನ ಮಾಡಬೇಕೆನ್ನುವವರು ಇದನ್ನು ಮನಸ್ಸಿನಲ್ಲಿಡಲಿ.