ನಮ್ಮ ರಸ್ತೆ ಕಥೆ, ಭಾಗ 6: ಕಿಟ್ಟದಿಂದ ಹುಟ್ಟಿದ ರಸ್ತೆ

ಶೆಟ್ಟಿಹಳ್ಳಿಯಲ್ಲಿ ಗುಂಡಿ ಬಿದ್ದ ರಸ್ತೆ ಸಿಕ್ಕಿದ್ರೆ ಒಂದ್ಸಲ ಬಗ್ಗಿ ನೋಡಿ. ಮೇಲಿನ ಕಪ್ಪು ಬರೀ ಅಂಟು. ಬಸ್ಸಿನ ಭಾರ ಹೊರೋದು ಒಳಗಿರೋ ಜಲ್ಲಿ. ಆ ಜಲ್ಲಿಗೋಸ್ಕರ ಎಲ್ಲೋ ಒಂದು ಗುಡ್ಡ ಕರಗಿರುತ್ತೆ.

ನಮ್ಮ ಕಡೆ ಕಲ್ಲಿಗೆ ಬರವೇ ಇರಲಿಲ್ಲ. 1956ರಲ್ಲಿ ಮುಗಿದ ವಿಧಾನಸೌಧಕ್ಕೂ ಮಲ್ಲಸಂದ್ರ, ಹೆಸರಘಟ್ಟ ಸುತ್ತಿನ ಗ್ರಾನೈಟ್ ಹೋಗಿದೆ. ಕಲ್ಲು ಕೈಗೆಟುಕೋ ಊರು ಬೇರೆ ದಾರಿ ಯಾಕೆ ಹುಡುಕುತ್ತೆ ಹೇಳಿ?

ಬೇರೆ ದಾರಿ ಸಿಕ್ಕಿದ್ದು ಕಬ್ಬಿಣ ಕರಗಿಸೋ ಊರಲ್ಲಿ, ಅದೂ ಆಕಸ್ಮಿಕವಾಗಿ. 1901ರಲ್ಲಿ ಇಂಗ್ಲೆಂಡಿನ ಡೆನ್ಬಿ ಎಂಬಲ್ಲಿ ಎಡ್ಗರ್ ಹೂಲಿ ಅನ್ನೋ ಸರ್ವೇಯರ್‌ಗೆ ರಸ್ತೆಯ ಒಂದು ತುಂಡು ಮಾತ್ರ ಧೂಳಿಲ್ಲದೆ ನುಣ್ಣಗಿರೋದು ಕಾಣಿಸ್ತಂತೆ. ವಿಚಾರಿಸಿದ್ರೆ, ಟಾರಿನ ಪೀಪಾಯಿ ಬಿದ್ದು ಒಡೆದಿತ್ತು, ಅದನ್ನ ಮುಚ್ಚೋಕೆ ಪಕ್ಕದ ಕಾರ್ಖಾನೆಯ ಕಿಟ್ಟ ಸುರಿದಿದ್ರು. ಮರುವರ್ಷವೇ ಹೂಲಿ ಪೇಟೆಂಟ್ ಪಡೆದರು. ಅದೇ ಟಾರ್‌ಮ್ಯಾಕ್. ಆ ಟಾರು ಕಲ್ಲಿದ್ದಲಿಂದ ಗ್ಯಾಸ್ ತೆಗೆದಾಗ ಉಳಿಯೋ ಕಸ, ಕಿಟ್ಟ ಕುಲುಮೆಯ ಕಸ. ಎರಡು ಕಸ ಸೇರಿ ರಸ್ತೆ! (ಈಗ ಹಾಕೋದು ಪೆಟ್ರೋಲಿಯಂನಿಂದ ಬರೋ ಬಿಟುಮೆನ್. ನಾವು ಮಾತ್ರ ಇನ್ನೂ ಟಾರು ಅಂತೀವಿ.)

ಕಿಟ್ಟ ಅಂದ್ರೆ ಸ್ಲ್ಯಾಗ್. ಕುಲುಮೆಗೆ ಅದಿರಿನ ಜೊತೆ ಸುಣ್ಣಕಲ್ಲು ಹಾಕ್ತಾರೆ. ಅದು ಅದಿರಿನ ಕಲ್ಮಶ ಎಳ್ಕೊಂಡು ಕರಗಿದ ಕಬ್ಬಿಣದ ಮೇಲೆ ತೇಲುತ್ತೆ. ನಿಧಾನಕ್ಕೆ ಆರಿದ್ರೆ ಥೇಟ್ ಕಲ್ಲೇ. ಕರ್ನಾಟಕಕ್ಕೂ ಇದು ಹೊಸದಲ್ಲ: ಭದ್ರಾವತಿಯ ಕುಲುಮೆ ಹೊತ್ತಿಕೊಂಡಿದ್ದು 1923ರಲ್ಲಿ, ಈಗ ಬಳ್ಳಾರಿ ಕಡೆ ತೋರಣಗಲ್ಲಿನಲ್ಲಿ ಅದಕ್ಕಿಂತ ಎಷ್ಟೋ ದೊಡ್ಡ ಉಕ್ಕಿನ ಕಾರ್ಖಾನೆ ಇದೆ.

ಹಾಗಾದ್ರೆ ಎಲ್ಲಾ ರಸ್ತೆಗೂ ಅದನ್ನೇ ಸುರಿಯಬಹುದಲ್ಲ ಅಂತೀರಾ? ಇಲ್ಲೇ ತೊಡಕು. ಉಕ್ಕು ಮಾಡುವಾಗ ಬರೋ ಕಿಟ್ಟದಲ್ಲಿ ಸುಡು ಸುಣ್ಣ ಉಳಿದಿರುತ್ತೆ. ನೀರು ತಾಗಿದ್ರೆ ಉಬ್ಬಿ ರಸ್ತೆಯನ್ನೇ ಎತ್ತುತ್ತೆ. ಅದಕ್ಕೇ ತಿಂಗಳುಗಟ್ಟಲೆ ಮಳೆ ಗಾಳಿಗೆ ಬಿಟ್ಟು ಹದ ಮಾಡಬೇಕು. ಹಾಗೆ ಸಂಸ್ಕರಿಸಿದ ಕಿಟ್ಟದಲ್ಲೇ 2022ರಲ್ಲಿ ಸೂರತ್ ಹತ್ತಿರದ ಹಜೀರಾದಲ್ಲಿ 6 ಪಥದ ರಸ್ತೆ ಮಾಡಿದ್ರು.

ನನಗೆ ತುಂಬಾ ಇಷ್ಟವಾದ ಸಂಗತಿ ಮಾತ್ರ ಒಂದು ಶೀರ್ಷಿಕೆಯದು. ಕಾಂಕ್ರೀಟ್ ಜಲ್ಲಿಗೆ ಐಎಸ್ 383 ಅನ್ನೋ ಮಾನದಂಡ ಇದೆ. 1970ರ ಆವೃತ್ತಿಯ ಹೆಸರಲ್ಲೇ ‘ನೈಸರ್ಗಿಕ ಮೂಲದ’ ಅನ್ನೋ ಮಾತಿತ್ತು. 2016ರಲ್ಲಿ ಅದನ್ನ ಕಿತ್ತುಹಾಕಿ, ಕಿಟ್ಟವನ್ನೂ ಒಡೆದ ಹಳೇ ಕಾಂಕ್ರೀಟನ್ನೂ ಮಿತಿಯೊಳಗೆ ಒಪ್ಪಿಕೊಂಡ್ರು.

ತೋರಣಗಲ್ಲು ನಮಗೆ ದೂರ. ಲಾರಿ ಬಾಡಿಗೆಯೇ ಲಾಭ ತಿಂದುಹಾಕುತ್ತೆ. ನಮ್ಮ ಹತ್ತಿರದ ‘ಕಿಟ್ಟ’ ಅಂದ್ರೆ ಒಡೆದ ಮನೆಗಳ ಅವಶೇಷ. ಅದನ್ನ ಪುಡಿಮಾಡಿ ಜಲ್ಲಿ, ಮರಳು ಮಾಡೋ ಘಟಕ ನಮ್ಮ ಉತ್ತರ ಬೆಂಗಳೂರಲ್ಲೇ, ಚಿಕ್ಕಜಾಲದ ಕಡೆ ಇದೆ. ಆದ್ರೂ ಕೆರೆ ಅಂಚಲ್ಲಿ, ಖಾಲಿ ಸೈಟಲ್ಲಿ ರಾತ್ರೋರಾತ್ರಿ ಬೀಳೋ ರಾಶಿ ನೀವೂ ನೋಡಿರ್ತೀರಿ.

ನಿಮ್ಮ ಬೀದೀಲಿ ಕೊನೇ ಸಲ ಹಳೇ ಮನೆ ಒಡೆದಾಗ ಆ ಟ್ರ್ಯಾಕ್ಟರ್ ಎಲ್ಲಿಗೆ ಹೋಯ್ತು? ಗೊತ್ತಿದ್ರೆ ಕೆಳಗೆ ಬರೀರಿ, ಭಾಗ 7ಕ್ಕೆ ಬೇಕು.