ಅಳಿಸಿದ ಮೊದಲ ಮಾತು

ಗಂಗೂಬಾಯಿ ಹಾನಗಲ್ಲರ ಆರಂಭದ ಗ್ರಾಮೊಫೋನ್ ತಟ್ಟೆಗಳ ಮೇಲೆ ‘ಗಾಂಧಾರಿ’ ಎಂಬ ಹೆಸರಿತ್ತು. 1930ರ ದಶಕದ ಆ ತಟ್ಟೆಗಳ ಒಂದು ಬದಿಗೆ ಸಿಗುತ್ತಿದ್ದದ್ದು ಸುಮಾರು ಮೂರು ನಿಮಿಷ. ಸೂಜಿ ನೇರವಾಗಿ ಮೇಣದ ಮೇಲೆ ಗೀರು ಕೊರೆಯುತ್ತಿತ್ತು. ನಡುವೆ ಎಲ್ಲಾದರೂ ತಪ್ಪಿದರೆ ಅಷ್ಟನ್ನೇ ತಿದ್ದುವಂತಿರಲಿಲ್ಲ. ಹೊಸ ಮೇಣದ ಮೇಲೆ ಮೊದಲಿನಿಂದ ಹಾಡಬೇಕಿತ್ತು.

ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ಬಾನುಲಿ ಕೇಂದ್ರಗಳಿಗೆ ಟೇಪು ಬಂದ ಮೇಲೆ ತಿದ್ದುವುದು ಸಾಧ್ಯವಾಯಿತು. ಸೆಕೆಂಡಿಗೆ ಏಳೂವರೆ ಇಂಚಿನ ವೇಗದಲ್ಲಿ ಓಡುವ ಟೇಪಿನಲ್ಲಿ ಒಂದು ಸೆಕೆಂಡಿನ ಮಾತೆಂದರೆ 19 ಸೆಂಟಿಮೀಟರ್ ಉದ್ದದ ಪಟ್ಟಿ. ತಪ್ಪಿದ ಸಾಲನ್ನು ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಎರಡು ತುದಿಗಳನ್ನು ಅಂಟಿಸುತ್ತಿದ್ದರು. ಎರಡು ಸಲ ಹೇಳಿದ ಮಾತಿನಲ್ಲಿ ಯಾವುದು ಉಳಿಯಬೇಕೆಂದು ಕಿವಿಗೊಟ್ಟು ಕೇಳಿ ತೀರ್ಮಾನಿಸುವವರು ಮನುಷ್ಯರಾಗಿದ್ದರು.

ಈಗ ಆ ಕೆಲಸವನ್ನು ತಂತ್ರಾಂಶವೇ ಮಾಡುತ್ತದೆ. ಮಾತನ್ನು ಅಕ್ಷರಕ್ಕಿಳಿಸಿ, ಪಕ್ಕಪಕ್ಕದ ವಾಕ್ಯಗಳನ್ನು ಹೋಲಿಸಿ, ಒಂದೇ ಬಗೆಯವು ಸಿಕ್ಕರೆ ಕೊನೆಯದನ್ನು ಇಟ್ಟುಕೊಂಡು ಹಿಂದಿನದನ್ನು ತೆಗೆದುಹಾಕುತ್ತದೆ. ಓದುವವರು ತಪ್ಪಿದಾಗಲಷ್ಟೇ ಮತ್ತೆ ಓದುತ್ತಾರೆ ಎಂಬುದು ಅದರ ನಂಬಿಕೆ. ನನ್ನ ಸಂಶೋಧನೆಯ ಅಧ್ಯಾಯವೊಂದನ್ನು ನಾನೇ ಓದಿ ಮುದ್ರಿಸಿದಾಗ ಈ ನಂಬಿಕೆ ಸರಿಯಾಗಿಯೇ ಇತ್ತು. ಲಾರಿಯ ಹಾರ್ನಿಗೆ ನಿಲ್ಲಿಸಿ ಮತ್ತೆ ಓದಿದ ಸಾಲುಗಳೆಲ್ಲ ಅಚ್ಚುಕಟ್ಟಾಗಿ ಹೋದವು.

ಅದೇ ಧೈರ್ಯದಲ್ಲಿ, ಹುಬ್ಬಳ್ಳಿಯ ಗಬ್ಬೂರಿನಲ್ಲಿ ಅಜ್ಜಿಯೊಬ್ಬರ ನೆನಪುಗಳನ್ನು ಮುದ್ರಿಸಿಕೊಂಡಿದ್ದ ಕಡತವನ್ನೂ ಅದಕ್ಕೆ ಕೊಟ್ಟೆ. ಬೈಪಾಸ್ ರಸ್ತೆ ಬರುವ ಮುಂಚಿನ ಊರನ್ನು ಅವರು ಹೇಳುತ್ತಿದ್ದರು. ತಿದ್ದಿ ಬಂದ ಕಡತದಲ್ಲಿ ಒಂದೇ ಮಾತಿತ್ತು: “ಹೊಲಾ ಕೊಡಬೇಕಾತು.” ನನಗೆ ನೆನಪಿದ್ದದ್ದು ಬೇರೆ. ಮೂಲ ಕಡತ ತೆರೆದು ಕೇಳಿದೆ. ಅಜ್ಜಿ ಮೊದಲು “ಹೊಲಾ ನಾವs ಕೊಟ್ವಿ” ಅಂದಿದ್ದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಬಂದದ್ದು ಎರಡನೆಯ ಮಾತು. ತಂತ್ರಾಂಶ ಮೊದಲ ಮಾತನ್ನೂ ಆ ಮೌನವನ್ನೂ ಒಟ್ಟಿಗೆ ತೆಗೆದಿತ್ತು. ಕೊಟ್ಟದ್ದಕ್ಕೂ ಕೊಡಬೇಕಾದದ್ದಕ್ಕೂ ನಡುವಿನ ಅಂತರವೇ ನಾನು ಹುಡುಕಿಕೊಂಡು ಹೋಗಿದ್ದ ಚರಿತ್ರೆ.

ನಮ್ಮ ಗ್ರಂಥಸಂಪಾದಕರಿಗೆ ಈ ತೊಡಕು ಹೊಸದಲ್ಲ. ಓಲೆಗರಿಯ ಲಿಪಿಕಾರ ಕಣ್ಣು ತಪ್ಪಿ ಒಂದೇ ಸಾಲನ್ನು ಎರಡು ಸಲ ಬರೆದದ್ದುಂಟು. ಅಂಥದ್ದನ್ನು ಅವರು ಬಿಟ್ಟರು. ಆದರೆ ಪ್ರತಿಯಿಂದ ಪ್ರತಿಗೆ ಸಾಲು ಬೇರೆಯಾಗಿದ್ದರೆ ಒಂದನ್ನು ಪಠ್ಯಕ್ಕೆ ಆರಿಸಿ, ಉಳಿದದ್ದನ್ನು ಪಾಠಾಂತರವೆಂದು ಪುಟದ ಅಡಿಯಲ್ಲಿ ಕೊಟ್ಟರು. ಆಯ್ಕೆ ತಪ್ಪಾಗಿದ್ದರೆ ಮುಂದಿನ ಓದುಗ ಅದನ್ನು ಕಂಡುಹಿಡಿಯಬಹುದು.

ಧ್ವನಿಗೂ ಇಂಥ ಅಡಿಟಿಪ್ಪಣಿ ಬೇಕು. ಪಠ್ಯ ನೋಡಿ ಓದಿದ ಮುದ್ರಣವನ್ನು ಯಂತ್ರ ಸವರಲಿ. ನೆನಪಿನಿಂದ ಆಡಿದ ಮಾತಿನಲ್ಲಿ ಅದು ಗುರುತು ಹಾಕಿದರೆ ಸಾಕು, ಅಳಿಸುವುದು ಬೇಡ. ಅಜ್ಜಿಯ ಎರಡೂ ಮಾತುಗಳನ್ನು ನಾನೀಗ ಒಂದರ ಕೆಳಗೊಂದು ಬರೆದಿಟ್ಟಿದ್ದೇನೆ. ನಡುವೆ, ಅವರು ಸುಮ್ಮನಿದ್ದ ಸೆಕೆಂಡುಗಳ ಲೆಕ್ಕವನ್ನೂ.